ದುಡ್ಡು ಕೇಳಬೇಕಾದ್ದು ಕಾಯಿಲೆ ಬಿದ್ದ ದಿನವಲ್ಲ

ಎಲ್ಲರಿಗೂ ಸರ್ಕಾರದ ಖರ್ಚಿನಲ್ಲೇ ಚಿಕಿತ್ಸೆ ಸಿಗಬೇಕು ಅಂದ ತಕ್ಷಣ ಬರುವ ಮೊದಲ ತಕರಾರು ಇದು: "ಪುಕ್ಕಟೆ ಕೊಟ್ಟರೆ ನೆಗಡಿಗೂ ಜನ ಸಾಲು ನಿಲ್ಲುತ್ತಾರೆ. ಒಂದಿಷ್ಟು ಶುಲ್ಕ ಇರಲಿ."

ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ 2,000ಕ್ಕೂ ಹೆಚ್ಚು ಕುಟುಂಬಗಳನ್ನು ಆರಿಸಿಕೊಂಡು, ಕೆಲವರಿಗೆ ಪೂರ್ತಿ ಉಚಿತ ಚಿಕಿತ್ಸೆ ಕೊಟ್ಟಿತು. ಉಳಿದವರಿಂದ ಬಿಲ್ಲಿನ ಒಂದು ಪಾಲು ಕಟ್ಟಿಸಿತು. ಪಾಲು ಕಟ್ಟಬೇಕಾದವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾದದ್ದು ನಿಜ. ಆದರೆ ಬೇಡದ ಚಿಕಿತ್ಸೆಯ ಜೊತೆಗೆ ಬೇಕೇಬೇಕಾದ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಬಡವರಲ್ಲಿ ಬಿಪಿ ಇದ್ದವರಿಗೆ ಅದು ಹತೋಟಿಗೆ ಬಂದದ್ದು ಉಚಿತ ಗುಂಪಿನಲ್ಲೇ ಹೆಚ್ಚು. ಎದೆಯುರಿ ಗ್ಯಾಸಿನದೋ ಹೃದಯದ್ದೋ ಅಂತ ಹೇಳಬೇಕಾದವರು ಡಾಕ್ಟರು. ಶುಲ್ಕ ಆ ತೀರ್ಮಾನವನ್ನು ರೋಗಿಯ ತಲೆಗೆ ಕಟ್ಟುತ್ತದೆ. ಬಿಪಿ ಮಾತ್ರೆಯಲ್ಲಿ ಉಳಿಸಿದ ಕಾಸು ಮುಂದೆ ಲಕ್ವದ ಚಿಕಿತ್ಸೆಗೆ, ಡಯಾಲಿಸಿಸ್‌ಗೆ ಹತ್ತಾರು ಪಟ್ಟಾಗಿ ಹೋಗುತ್ತದೆ.

ಹಾಗಾದರೆ ಇಷ್ಟವಿದ್ದವರು ವಿಮೆ ಮಾಡಿಸಿಕೊಳ್ಳಲಿ ಅನ್ನುವಿರಾ? ಗಟ್ಟಿಮುಟ್ಟಾಗಿರುವವರು ಹೊರಗೇ ಉಳಿಯುತ್ತಾರೆ, ಕಾಯಿಲೆಯವರು ಸೇರುತ್ತಾರೆ. ಪ್ರೀಮಿಯಂ ಏರುತ್ತದೆ. ಏರಿದ್ದು ನೋಡಿ ಇನ್ನೊಂದಿಷ್ಟು ಆರೋಗ್ಯವಂತರು ಬಿಡುತ್ತಾರೆ, ಮತ್ತೆ ಏರುತ್ತದೆ. ಕೊನೆಗೆ ಕಂಪನಿ ಹಳೆಯ ಕಾಯಿಲೆಗಳನ್ನು ಹೊರಗಿಡಲು ಶುರುಮಾಡುತ್ತದೆ. ಕಂಪನಿಯವರು ಕೆಟ್ಟವರೆಂದಲ್ಲ, ಆ ಲೆಕ್ಕವೇ ಹಾಗೆ. ಅದಕ್ಕೇ ಎಲ್ಲರೂ ಕಡ್ಡಾಯವಾಗಿ, ಆರೋಗ್ಯವಾಗಿರುವಾಗಲೇ, ಆದಾಯಕ್ಕೆ ತಕ್ಕಂತೆ ಕಟ್ಟಬೇಕು. ಜರ್ಮನಿ 1883ರಲ್ಲಿ ಸಂಬಳದಿಂದ ವಂತಿಗೆ ಹಿಡಿದು ಇದನ್ನು ಆರಂಭಿಸಿತು. ಸಂಬಳದ ಚೀಟಿಯೇ ಇಲ್ಲದ ದುಡಿಮೆಗಾರರು ಹೆಚ್ಚಿರುವ ಕಡೆ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ತೆರಿಗೆಯೇ ಬೇಕು.

ಥಾಯ್ಲೆಂಡ್ ಮಾಡಿದ್ದು ಅದನ್ನೇ. 2002ರಲ್ಲಿ ಯಾವ ರಕ್ಷಣೆಯೂ ಇಲ್ಲದಿದ್ದವರನ್ನೆಲ್ಲ ತೆರಿಗೆ ಹಣದ ಯೋಜನೆಯೊಳಗೆ ತಂದಿತು. ಆರಂಭದಲ್ಲಿ ಒಂದು ಭೇಟಿಗೆ 30 ಬಾಟ್ ಮಾತ್ರ. ನನಗೆ ಮುಖ್ಯವಾಗಿ ಕಾಣುವುದು ಆಸ್ಪತ್ರೆಗೆ ಹಣ ಸಂದಾಯ ಮಾಡುವ ಕ್ರಮ. ಒಂದೊಂದು ಟೆಸ್ಟಿಗೆ, ಒಂದೊಂದು ಇಂಜೆಕ್ಷನ್ನಿಗೆ ದುಡ್ಡು ಕೊಟ್ಟರೆ ಟೆಸ್ಟು ಇಂಜೆಕ್ಷನ್ನುಗಳೇ ಬೆಳೆಯುತ್ತವೆ. ಆದ್ದರಿಂದ ಹೊರರೋಗಿ ಚಿಕಿತ್ಸೆಗೆ, ನೋಂದಾಯಿಸಿದ ತಲೆಗಿಷ್ಟು ಅಂತ ವರ್ಷದ ಮೊತ್ತ. ದಾಖಲಾದವರಿಗೆ ಕಾಯಿಲೆಯ ವರ್ಗಕ್ಕಿಷ್ಟು, ಅದಕ್ಕೂ ಒಟ್ಟು ಬಜೆಟ್ಟಿನ ಮಿತಿ. ತಲೆಲೆಕ್ಕಕ್ಕೂ ಒಂದು ದೋಷವಿದೆ: ರೋಗಿಯನ್ನು ಕಡಿಮೆ ನೋಡಿದಷ್ಟೂ ಆಸ್ಪತ್ರೆಗೆ ಉಳಿತಾಯ. ಆ ಕಾರಣಕ್ಕೆ ತಪಾಸಣೆ, ದೂರು ಕೇಳುವ ವ್ಯವಸ್ಥೆ ಇಲ್ಲದೆ ಇದನ್ನು ಜಾರಿ ಮಾಡಲೇಬಾರದು.

"ಬಡವರಿಗೆ ಮಾತ್ರ ಸಾಕು" ಅನ್ನುವವರು ಪಟ್ಟಿ ಮಾಡುವ ಕಷ್ಟ ಯೋಚಿಸಿರುವುದಿಲ್ಲ. ಪಟ್ಟಿ ಬರೆದ ದಿನ ನೆಟ್ಟಗಿದ್ದ ಮನೆಯನ್ನು ಒಂದು ಕ್ಯಾನ್ಸರ್ ಆರು ತಿಂಗಳಲ್ಲಿ ಬಡತನಕ್ಕೆ ತಳ್ಳುತ್ತದೆ. ಪಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಉಳ್ಳವರೂ ಅದೇ ವಾರ್ಡಿಗೆ ಬಂದರೆ ನಲ್ಲಿ ಕೆಟ್ಟಾಗ ದೂರಿನ ದನಿ ಮೇಲಿನವರೆಗೂ ಮುಟ್ಟುತ್ತದೆ.

ಹಾಗಂತ ಶುಲ್ಕದ ಬೋರ್ಡು ಇಳಿಸಿದರೆ ಕೆಲಸ ಮುಗಿಯಿತೆಂದಲ್ಲ. ಉಗಾಂಡಾ 2001ರಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಶುಲ್ಕ ತೆಗೆಯಿತು. ಬಡವರು ದೊಡ್ಡ ಸಂಖ್ಯೆಯಲ್ಲಿ ಬಂದರು, ಅದು ಗೆಲುವೇ. ಆದರೆ ಕೇಂದ್ರದಲ್ಲಿ ಔಷಧಿ ಖಾಲಿಯಾದಾಗ ಚೀಟಿ ಹಿಡಿದು ಹೊರಗಿನ ಅಂಗಡಿಗೆ ಹೋದರು. ಅತಿ ಬಡವರ ಮನೆಗಳನ್ನು ಮುಳುಗಿಸುವಂಥ ಖರ್ಚು ಇಳಿಯಲೇ ಇಲ್ಲ. ಶುಲ್ಕ ತೆಗೆಯುವ ಆದೇಶಕ್ಕೆ ಸಹಿ ಬೀಳುವ ಮೊದಲೇ ಔಷಧಿ ದಾಸ್ತಾನು ಹೆಚ್ಚಬೇಕು, ನರ್ಸುಗಳ ನೇಮಕ ಆಗಿರಬೇಕು, ಶುಲ್ಕದಿಂದ ಕೇಂದ್ರಕ್ಕೆ ಬರುತ್ತಿದ್ದ ಕೈಖರ್ಚಿನ ಹಣಕ್ಕೆ ಬದಲಿ ಅನುದಾನ ತಲುಪಿರಬೇಕು.