‘ಪೂರ್ತಿ ಸೆಟ್ ಚೇಂಜ್ ಮಾಡ್ಬೇಕು ಸಾರ್!’

ಹಳೇ ಕಾರಿನ ಕೀ ಸರಿಯಾಗಿ ತಿರುಗುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಈ ಮಾತು ಗ್ಯಾರಂಟಿ. ಇಗ್ನಿಷನ್, ಬಾಗಿಲು, ಡಿಕ್ಕಿ ಎಲ್ಲಕ್ಕೂ ಹೊಸ ಲಾಕ್! ಸುಮ್ನೆ ತಲೆಯಾಡಿಸಬೇಡಿ. ಕಾರು ಸ್ಟಾರ್ಟ್ ಮಾಡುವ ಇಗ್ನಿಷನ್‌ನಲ್ಲಿ ಮೂರು ಭಾಗ ಇರುತ್ತವೆ: ಕೀ ಹೋಗುವ ಬ್ಯಾರೆಲ್, ಅದರ ಹಿಂದೆ ಕರೆಂಟಿನ ಸ್ವಿಚ್, ಮತ್ತೆ ಕೀಯೊಳಗಿನ ಚಿಪ್ ಗುರುತು ಸಿಗದೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ಇಮ್ಮೊಬಿಲೈಸರ್. ಕೆಟ್ಟಿದ್ದು ಯಾವುದು ಅಂತ ನೋಡದೆ ಬಿಲ್ ಹಾಕುವುದು ಯಾವ ನ್ಯಾಯ?

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನದ್ದು ಬ್ಯಾರೆಲ್ ತಕರಾರು. ಸ್ಟಿಯರಿಂಗ್ ಲಾಕ್ ಬಿಗಿದುಕೊಂಡಿದ್ದರೆ ಚಕ್ರವನ್ನು ಆಚೀಚೆ ಅಲ್ಲಾಡಿಸುತ್ತಾ ಕೀ ತಿರುಗಿಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಇದು ಅದಕ್ಕೂ ಜಗ್ಗಲಿಲ್ಲ. ಬೆಳಿಗ್ಗೆ ಹೊತ್ತು ಹಟ ಇನ್ನೂ ಜಾಸ್ತಿ. ಟಾರ್ಚ್ ಹಾಕಿ ನೋಡಿದರೆ ಒಳಗೆಲ್ಲ ಕಪ್ಪು ಜಿಡ್ಡು. ಮೂಸಿದರೆ ಕೊಬ್ಬರಿ ಎಣ್ಣೆ! ಹಳೇ ಓನರ್ ಮನೆಮದ್ದು ಮಾಡಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಗೊತ್ತಲ್ವಾ? ಬ್ಯಾರೆಲ್ ಒಳಗಿನ ತೆಳು ಬಿಲ್ಲೆಗಳು ಕೀಯ ಕಚ್ಚಿಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು. ಧೂಳು ಕುಡಿದ ಜಿಡ್ಡಿನಲ್ಲಿ ಅವು ಆಡುವುದೆಲ್ಲಿ? ಬ್ಯಾಟರಿ ಕಳಚಿ, ಜಿಡ್ಡು ತೊಳೆಯುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿದ ಮೇಲೆ ಎಣ್ಣೆಯಿಲ್ಲದೆ ನುಣುಪು ಕೊಡುವ ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಊದಿದ್ದಾಯಿತು.

ಅರ್ಧ ಸರಿಹೋಯಿತು. ಉಳಿದರ್ಧ ಕೀಯದ್ದು. ಅದರ ಕಚ್ಚುಗಳೆಲ್ಲ ಸವೆದು ದುಂಡಗಾಗಿದ್ದವು. ಸವೆದ ಕೀಯನ್ನು ಮಾದರಿ ಇಟ್ಟು ಡೂಪ್ಲಿಕೇಟ್ ಮಾಡಿಸಿದರೆ ಸವಕಲಿಗೂ ಒಂದು ಡೂಪ್ಲಿಕೇಟ್ ಸಿಗುತ್ತದೆ, ಅಷ್ಟೇ. ಹೊಸ ಕಾರಿನ ಕೀ ಜೊತೆ ಸಾಮಾನ್ಯವಾಗಿ ಅದರ ಮೂಲ ಕಚ್ಚುಗಳ ಕೋಡ್ ನಂಬರ್ ಇರುವ ಪುಟ್ಟ ತಗಡು ಬರುತ್ತದೆ. ಆ ನಂಬರ್ ನೋಡಿ ಕತ್ತರಿಸಿದ ಕೀ ಮಾತ್ರ ಹೊಸದರಂತೆ ಕೂರುತ್ತದೆ. ಚಿಪ್ ಇದ್ದರೆ ಪ್ರೋಗ್ರಾಮಿಂಗ್ ಖರ್ಚು ಬೇರೆ.

ಕೀ ಸಲೀಸಾಗಿ ತಿರುಗಿ, ಅಲ್ಲಾಡಿಸಿದಾಗ ಡ್ಯಾಶ್‌ಬೋರ್ಡ್ ದೀಪ ಮಿಣುಕಿದರೆ ಅನುಮಾನ ಸ್ವಿಚ್ ಮೇಲೆ. ಎಂಜಿನ್ ಸುತ್ತಿಯೂ ಹಿಡಿಯದೆ, ಕೀ ಚಿತ್ರದ ದೀಪ ಮಿಟುಕುತ್ತಿದ್ದರೆ ಇಮ್ಮೊಬಿಲೈಸರ್ ಕಡೆ ನೋಡಿ.

ಸ್ವಿಚ್ ವಿಷಯ ಹಗುರವಾಗಿ ತಗೋಬೇಡಿ. 2014ರಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ಇದೇ ಕಾರಣಕ್ಕೆ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿತು. ಸ್ವಿಚ್ಚಿನ ಹಿಡಿತ ಸಡಿಲ. ಕೀಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿಯೋ ಕೀ ಜಾರಿದರೆ ಓಡುವಾಗಲೇ ಎಂಜಿನ್ ಬಂದ್. ಪವರ್ ಸ್ಟಿಯರಿಂಗ್ ಇಲ್ಲ, ಡಿಕ್ಕಿಯಾದರೆ ಏರ್‌ಬ್ಯಾಗೂ ಇಲ್ಲ. 124 ಸಾವುಗಳಿಗೆ ಕಂಪನಿಯ ಪರಿಹಾರ ನಿಧಿಯಿಂದ ದುಡ್ಡು ಹೋಯಿತು. ನಮ್ಮಲ್ಲಿ ಮನೆ, ಗೇಟು, ಬೀರು, ಸ್ಕೂಟರ್ ಕೀ ಎಲ್ಲ ಕಾರಿನ ಕೀಗೇ ನೇತುಹಾಕುತ್ತೇವೆ. ಸಾಲದ್ದಕ್ಕೆ ಹಿತ್ತಾಳೆ ಗಣಪ ಬೇರೆ.

ಹಳೇ ಕಾರು ಕೊಳ್ಳುವಾಗ ಟೈರ್ ಒದ್ದು ನೋಡುವ ಮೊದಲು ಎರಡನೇ ಕೀ, ನಂಬರಿನ ತಗಡು ಕೇಳಿ. ‘ಎಲ್ಲೋ ಕಳೆದುಹೋಗಿದೆ’ ಅಂದರೆ ಹೊಸ ಕೀ ಖರ್ಚನ್ನು ರೇಟಲ್ಲೇ ಮುರಿದುಕೊಳ್ಳಿ. ಅಂದ ಹಾಗೆ, ಹಾಸನದ ಕಡೆ ನಂಬರ್ ನೋಡಿ ಕೀ ಕತ್ತರಿಸುವವರು ಯಾರಾದರೂ ಗೊತ್ತಾ? ಸ್ನೇಹಿತರೊಬ್ಬರು ಹುಡುಕುತ್ತಿದ್ದಾರೆ.