ಫಾಗ್ ಲ್ಯಾಂಪಿನೊಳಗೆ ಮಂಜು ಬೇರೆ, ನೀರು ಬೇರೆ

ಧಾರವಾಡದ ಕಡೆ ಜಿಟಿಜಿಟಿ ಮಳೆ ಹಿಡೀತು ಅಂದ್ರೆ ಸಾಕು, ಕಾರಿನವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ನಮೂನೆಯ ಫೋಟೊ ಶುರು. ಬಂಪರಿನ ಮೂಲೆಯಲ್ಲಿ ಫಾಗ್ ಲ್ಯಾಂಪು (ಮಂಜಿನಲ್ಲಿ ದಾರಿ ಕಾಣಲು ಹಚ್ಚುವ ದೀಪ), ಅದರ ಗಾಜಿನ ಒಳಮೈಗೆ ಬೆಳ್ಳಗೆ ಹಬೆ. ಕೆಳಗೆ ಬರೋ ಸಲಹೆಯೂ ಒಂದೇ: "ಸಿಲಿಕಾನ್ ಬಡದು ಬಿಡ್ರಿ, ಮುಗೀತು." ನನ್ನ ತಕರಾರು ಇರೋದು ಈ ಸಲಹೆಯ ಮೇಲೇ. ಸಂದು ಮುಚ್ಚುವ ಈ ಸಿಲಿಕಾನ್ ಅಂಟನ್ನು ಹಚ್ಚಲೇಬಾರದು ಅಂತಲ್ಲ. ನೀರು ಎಲ್ಲಿಂದ ಬಂತು ಅಂತ ನೋಡದೆ ಸುತ್ತಲೂ ಮೆತ್ತಿದರೆ ಒಳಗಿನ ತೇವ ಒಳಗೇ ಉಳಿದು ಲ್ಯಾಂಪು ಕೆಡುತ್ತದೆ.

ಮೊದಲು ಒಂದು ಮಾತು ಸ್ಪಷ್ಟ ಆಗಲಿ. ಫಾಗ್ ಲ್ಯಾಂಪು ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ, ಅದನ್ನು ಮಾಡಿರೋದೇ ಹಾಗೆ. ಬಲ್ಬ್ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಆರಿಸಿದಾಗ ತಣ್ಣಗಾಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕಂತಲೇ ಹಿಂಭಾಗದಲ್ಲಿ ಗಾಳಿಕಿಂಡಿ ಇರುತ್ತದೆ. ಕೆಲವು ಲ್ಯಾಂಪಿನಲ್ಲಿ ಕೆಳಮುಖವಾಗಿ ಬಾಗಿದ ಸಣ್ಣ ರಬ್ಬರ್ ಟ್ಯೂಬು, ಕೆಲವದರಲ್ಲಿ ಗಾಳಿ ಬಿಟ್ಟು ನೀರು ತಡೆಯುವ ತೆಳು ಪೊರೆಯ ಬಿಲ್ಲೆ. ಇದನ್ನು ಮುಚ್ಚಿದಿರೋ, ತಣ್ಣಗಾಗುವ ಲ್ಯಾಂಪು ಗಾಳಿಯನ್ನು ಬೇರೆಲ್ಲಿಂದಲೋ ಎಳೆಯಲೇಬೇಕು. ಬಲ್ಬಿನ ಬುಡದ ರಬ್ಬರ್ ಬಳೆ, ಅಂದರೆ ಓ-ರಿಂಗ್ ಹತ್ತಿರ, ಇಲ್ಲವೇ ಗಾಜಿನ ಜೋಡಣೆಯಲ್ಲಿ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಎಳೆಯುತ್ತದೆ. ಆ ಜಾಗದಲ್ಲಿ ಮಳೆನೀರು ನಿಂತಿದ್ದರೆ ಗಾಳಿಯ ಬದಲು ನೀರೇ ಒಳಗೆ.

ಇನ್ನು ಲೆಕ್ಕ. 30 ಡಿಗ್ರಿ ಸೆಲ್ಸಿಯಸ್ ಇರುವಾಗ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ. ಲ್ಯಾಂಪಿನೊಳಗೆ ಅರ್ಧ ಲೀಟರ್ ಗಾಳಿ ಅಂತ ಹಿಡಿಯಿರಿ. ಹತ್ತು ಡಿಗ್ರಿ ತಣ್ಣಗಾದಾಗ ಅದು ಬಿಡುವ ನೀರು 6-7 ಮಿಲಿಗ್ರಾಂ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ರಾತ್ರಿ ತಣ್ಣಗಾದ ಮಾತ್ರಕ್ಕೆ ಲ್ಯಾಂಪಿನೊಳಗೆ ಒಂದು ಹನಿಯೂ ಕೂಡುವುದಿಲ್ಲ. ಗಾಜಿಗೆ ತೆಳುವಾಗಿ ಹಬೆ ಹಿಡಿಯುತ್ತದೆ, ಅಷ್ಟೇ. ತಳದಲ್ಲಿ ಚಮಚದಷ್ಟು ನೀರು ಅಲ್ಲಾಡುತ್ತಿದ್ದರೆ ಅದು ಗಾಳಿಯಿಂದ ಬಂದದ್ದಲ್ಲ, ಸೋರಿ ಬಂದದ್ದು. ಈ ಎರಡಕ್ಕೂ ಒಂದೇ ಔಷಧ ಹಚ್ಚುವುದರಿಂದಲೇ ಗೊಂದಲ.

ಹಬೆಯೋ ಸೋರಿಕೆಯೋ ಅಂತ ಗುರುತಿಸೋದು ಕಷ್ಟ ಇಲ್ಲ. ಇಂಜಿನ್ ಚಾಲೂ ಇಟ್ಟು ಫಾಗ್ ಲ್ಯಾಂಪ್ ಹಚ್ಚಿರಿ. ಹ್ಯಾಲೊಜೆನ್ ಬಲ್ಬ್ ಇದ್ದರೆ 15ರಿಂದ 30 ನಿಮಿಷದಲ್ಲಿ ನಡುಭಾಗ ಮೊದಲು, ಅಂಚು ಆಮೇಲೆ ತಿಳಿಯಾದರೆ ಏನೂ ಮಾಡಬೇಡಿರಿ. ಕಂಪನಿಯ ಮ್ಯಾನುವಲ್‌ಗಳಲ್ಲೂ ಇದು ಸಹಜ ಅಂತಲೇ ಬರೆದಿರುತ್ತಾರೆ, ವಾರಂಟಿಯಲ್ಲಿ ಬದಲಿಸಿ ಕೊಡುವುದೂ ಕಡಿಮೆ. ಕಂಪನಿಯಿಂದಲೇ ಬಂದ ಎಲ್‌ಇಡಿ ಲ್ಯಾಂಪ್ ಆದರೆ ಇನ್ನಷ್ಟು ತಾಳ್ಮೆ ಬೇಕು. ಎಲ್‌ಇಡಿಯ ಶಾಖ ಹಿಂದಿನ ಹೀಟ್ ಸಿಂಕಿಗೆ (ಶಾಖ ಹೀರುವ ಲೋಹದ ಭಾಗಕ್ಕೆ) ಹೋಗುತ್ತದೆ, ಮುಂದಿನ ಗಾಜು ತಣ್ಣಗೇ ಇರುತ್ತದೆ. ಹಬೆ ಅರ್ಧ ದಿನ ನಿಂತರೂ ಅದನ್ನೇ ದೋಷ ಅನ್ನಲಾಗದು. ಹನಿ ಕಟ್ಟಿ ಗೆರೆಗೆರೆಯಾಗಿ ಇಳಿದಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಒಣಗಿದ ಮೇಲೆ ಬಿಳಿ ಗೆರೆ ಉಳಿದಿದ್ದರೆ ಅದು ಸೋರಿಕೆ. ಬಿಳಿ ಗೆರೆ ಅಂತೂ ಗಟ್ಟಿ ಸಾಕ್ಷಿ. ಆವಿಯಿಂದ ಕಟ್ಟಿದ ನೀರಿನಲ್ಲಿ ಉಪ್ಪಿರುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ವಾಷಿಂಗ್ ಮಾಡಿಸಿದ ಗಾಡಿಯಲ್ಲಿ ಆ ಗೆರೆ ಹೆಚ್ಚಾಗಿ ಬರೋದು. ವಾರಂಟಿ ಇದ್ದವರು ಈ ಹನಿಗಳ ವಿಡಿಯೊ ಬೆಳಿಗ್ಗೆಯೇ ಮಾಡಿಟ್ಟುಕೊಳ್ಳಿರಿ. ಮಧ್ಯಾಹ್ನ ಸರ್ವಿಸ್ ಸೆಂಟರ್ ಮುಟ್ಟುವಷ್ಟರಲ್ಲಿ ಎಲ್ಲ ಆರಿರುತ್ತದೆ, "ಏನೂ ಇಲ್ಲಲ್ರಿ ಸರ" ಅಂತ ವಾಪಸ್ ಕಳಿಸುತ್ತಾರೆ.

ನೀರು ಹೋಗುವ ದಾರಿಗಳಲ್ಲಿ ನಾನು ಮೊದಲು ಅನುಮಾನ ಪಡೋದು ಬಲ್ಬಿನ ಬುಡವನ್ನು. ಹಿಂದೆ ಯಾರೋ ಬಲ್ಬ್ ಬದಲಿಸುವಾಗ ಪೂರ್ತಿ ತಿರುಗಿಸದೆ ಅರೆಬರೆ ಕೂರಿಸಿರುತ್ತಾರೆ. ಇಲ್ಲವೇ ಓ-ರಿಂಗ್ ಶಾಖಕ್ಕೆ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ. ಶಾಖದ ಮಾತು ಬಂದಾಗ ಬಲ್ಬಿನ ನಂಬರ್ ನೋಡಿರಿ. ಎಚ್16 ಅಂದರೆ 19 ವ್ಯಾಟ್, ಎಚ್8 ಅಂದರೆ 35, ಎಚ್11 ಅಂದರೆ 55. ಮೂರರ ಬುಡವೂ ಮೇಲ್ನೋಟಕ್ಕೆ ಒಂದೇ ಥರ, ಲ್ಯಾಂಪಿಗೆ ಸಿಕ್ಕಿಸುವ ಕಿವಿಗಳಷ್ಟೇ ಬೇರೆ. ಬೆಳಕು ಸಾಲದು ಅಂತ ಕಿವಿ ಅರದಿಂದ ಉಜ್ಜಿ 35 ವ್ಯಾಟಿನ ಜಾಗಕ್ಕೆ 55 ತುರುಕುವ ಅಂಗಡಿಗಳಿವೆ. ಬೆಳಕೇನೋ ಬರುತ್ತದೆ, ಜೊತೆಗೆ ರಿಫ್ಲೆಕ್ಟರ್ (ಬೆಳಕನ್ನು ಮುಂದಕ್ಕೆ ತಳ್ಳುವ ಒಳಗಿನ ಹೊಳೆಯುವ ಬಟ್ಟಲು) ಕಂದಾಗಿ, ರಿಂಗ್ ಸುಟ್ಟು, ಮರು ಮಳೆಗಾಲಕ್ಕೆ ನೀರೂ ಬರುತ್ತದೆ. ಹೊರಗಿನಿಂದ ಹಾಕಿಸಿದ ಫ್ಯಾನಿನ ಎಲ್‌ಇಡಿ ಬಲ್ಬುಗಳದು ಇನ್ನೊಂದು ಕಥೆ. ವೈರ್ ಹೊರಗೆ ತರಲು ಹಿಂದಿನ ರಬ್ಬರ್ ಮುಚ್ಚಳ ಕೊಯ್ದಿರುತ್ತಾರೆ, ಕಾಲರ್ ಸರಿಯಾಗಿ ಕೂತಿರುವುದಿಲ್ಲ.

ಎರಡನೇ ಅನುಮಾನ ಗಾಳಿಕಿಂಡಿ. ನವಲಗುಂದ, ನರಗುಂದ, ರೋಣದ ಕಡೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಗಳಿಗೆ ಇದು ಮುಖ್ಯ. ಎರಿಮಣ್ಣು ಟ್ಯೂಬಿನ ಬಾಯಿಗೆ ಮೆತ್ತಿ ಒಣಗಿದರೆ ಕಿಂಡಿ ಬಂದ್. ಟ್ಯೂಬ್ ಕಳಚಿ ಬಿದ್ದಿದ್ದರೆ ಉಲ್ಟಾ: ಮುಂಚಕ್ರ ಎರಚಿದ ನೀರು ನೇರ ಒಳಗೆ.

ಮೂರನೆಯದು ವಾಟರ್ ವಾಷ್. ಗೋಕುಲ ರೋಡಿರಲಿ, ಗದಗ-ಹಾವೇರಿ ಇರಲಿ, ಪ್ರೆಶರ್ ಗನ್ ಹಿಡಿದ ಹುಡುಗ ಬಂಪರಿನ ಸಂದಿಯ ಮಣ್ಣು ತೆಗೆಯಲು ಗನ್ನಿನ ಮೂತಿಯನ್ನು ಲ್ಯಾಂಪಿನ ಅಂಚಿಗೇ ತರುತ್ತಾನೆ. ಆ ಒತ್ತಡ ತಡೆಯಲು ಓ-ರಿಂಗ್ ಮಾಡಿದ್ದಲ್ಲ. ಕನಿಷ್ಠ ಒಂದಡಿ ದೂರ ಹಿಡಿ ಅಂತ ಹೇಳಿರಿ; ಬೇಜಾರು ಮಾಡಿಕೊಂಡರೂ ಹೇಳಿರಿ. ಲ್ಯಾಂಪ್ ಬಿಸಿ ಇರುವಾಗ ತೊಳೆಸಬೇಡಿರಿ. ಅರಬೈಲ್ ಘಟ್ಟ ಇಳಿಯುವಾಗ ಫಾಗ್ ಲ್ಯಾಂಪ್ ಹಚ್ಚಿಕೊಂಡೇ ನೀರು ನಿಂತ ತಗ್ಗಿಗೆ ಇಳಿದರೂ ಹೀಗೇ: ಬಿಸಿ ಲ್ಯಾಂಪಿಗೆ ತಣ್ಣೀರು ಬಿದ್ದ ಗಳಿಗೆಯಲ್ಲಿ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಜೋರಾಗಿ ಎಳೆಯುತ್ತದೆ. ಮುಂದಿನ ಲೆನ್ಸ್ ಪ್ಲಾಸ್ಟಿಕ್ ಆಗಿರದೆ ನಿಜವಾದ ಗಾಜಿನದಾಗಿದ್ದರೆ ಸೀಳಲೂಬಹುದು.

ನಾಲ್ಕನೆಯದು ಲೆನ್ಸಿನ ಬಿರುಕು. ಕಲ್ಲು ಬಡಿದ ಕೂದಲೆಳೆಯ ಬಿರುಕನ್ನು ಟಾರ್ಚ್ ಓರೆಯಾಗಿ ಹಿಡಿದು ಹುಡುಕಿರಿ.

ಲ್ಯಾಂಪ್ ಬಿಚ್ಚುವುದಕ್ಕೆ ಬಂಪರ್ ಇಳಿಸಲೇಬೇಕು ಅಂತೇನಿಲ್ಲ. ಬಹಳಷ್ಟು ಕಾರುಗಳಲ್ಲಿ ಚಕ್ರದ ಮುಂದಿನ ಪ್ಲಾಸ್ಟಿಕ್ ಲೈನಿಂಗ್ ಸರಿಸಿದರೆ ಕೈ ಹೋಗುತ್ತದೆ. ಎಡ ಲ್ಯಾಂಪಿಗೆ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿರಿ, ಬಲದ್ದಕ್ಕೆ ಎಡಕ್ಕೆ; ಚಕ್ರದ ಮುಂಭಾಗ ಒಳಗೆ ಸರಿದು ಜಾಗ ಆಗುತ್ತದೆ. ಲೈನಿಂಗಿನ ಮುಂದಿನ ಕೆಲವು ಸ್ಕ್ರೂ, ಕ್ಲಿಪ್ ತೆಗೆದರೆ ಸಾಕು. ಪ್ಲಾಸ್ಟಿಕ್ ಕ್ಲಿಪ್ ಒಂದೆರಡು ಮುರಿಯುತ್ತವೆ, ನಾಲ್ಕು ಹೆಚ್ಚಿಗೆ ತಂದಿಟ್ಟುಕೊಳ್ಳಿರಿ. ಬಿಚ್ಚುವ ಮುಂಚೆ ಗಾಡಿಯನ್ನು ಗೋಡೆಗೆ ಎದುರಾಗಿ ಸಮ ನೆಲದ ಮೇಲೆ ನಿಲ್ಲಿಸಿ, ಬೆಳಕಿನ ಮೇಲಂಚು ಎಲ್ಲಿದೆ ಅಂತ ಗೋಡೆಯ ಮೇಲೆ ಟೇಪ್ ಅಂಟಿಸಿರಿ, ಚಕ್ರ ನಿಂತ ಜಾಗಕ್ಕೂ ಚಾಕ್‌ಪೀಸಿನಿಂದ ಗುರುತು ಮಾಡಿರಿ. ಬಲ್ಬ್ ತಣ್ಣಗಾದ ಮೇಲೆ ಕಪ್ಲರಿನ (ಬಲ್ಬಿಗೆ ವೈರ್ ಸಿಕ್ಕಿಸುವ ಪ್ಲಗ್ಗಿನ) ಲಾಕ್ ಒತ್ತಿ ಎಳೆದು, ಬಲ್ಬನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಬಲ್ಬಿನ ಗಾಜು ಮುಟ್ಟಬೇಡಿರಿ. ಮುಟ್ಟಿದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿಡಿರಿ. ಕಪ್ಲರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ನೀರು ವೈರಿನ ಗುಂಟ ಬಂದಿದೆ ಅಂತ ತಿಳಿಯಿರಿ. ಅದನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ವೈರು ಕಪ್ಲರಿಗೆ ಬರುವ ಮುಂಚೆ ಒಂದು ಬಾಗು ಕೆಳಗೆ ಇಳಿಯುವಂತೆ ಕಟ್ಟಿರಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಒಣಗಿಸುವಾಗ ಅವಸರ ಬೇಡ. ಬಲ್ಬಿನ ತೂತು ಕೆಳಗೆ ಮಾಡಿ ನೀರು ಸುರಿದುಬಿಡಿರಿ. ಒಳಗೆ ಕೆಸರು ಹೋಗಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೋಟ ಹಾಕಿ ಕುಲುಕಿ ಚೆಲ್ಲಿರಿ, ಎರಡು ಮೂರು ಸಲ. ನಲ್ಲಿ ನೀರು ಬೇಡ, ಕಲೆ ಬಿಡುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಒರೆಸೋದಂತೂ ಬೇಡವೇ ಬೇಡ. ರಿಫ್ಲೆಕ್ಟರ್ ಮೇಲಿರುವ ಅಲ್ಯುಮಿನಿಯಂ ಲೇಪ ಎಷ್ಟು ತೆಳು ಅಂದರೆ ಒಂದು ಉಜ್ಜಿಗೆ ಎದ್ದು ಬರುತ್ತದೆ, ಆಮೇಲೆ ಆ ಲ್ಯಾಂಪಿನಿಂದ ಬೆಳಕಿಲ್ಲ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಹತ್ತು ಹದಿನೈದು ನಿಮಿಷ. ಪೇಂಟ್ ಕೀಳುವ ಹೀಟ್ ಗನ್ ತರಬೇಡಿರಿ. ಉಬ್ಬು ಭೂತಗನ್ನಡಿಯಂಥ ಪ್ರೊಜೆಕ್ಟರ್ ಲೆನ್ಸ್ ಇದ್ದರೆ ಅದರ ಮುಖವನ್ನು ಬಿಸಿಲಿಗೆ ಒಡ್ಡಿ ಇಡಬೇಡಿರಿ. ಲೆನ್ಸ್ ಬಿಸಿಲನ್ನು ಒಂದೇ ಕಡೆ ಕೂಡಿಸಿ ಒಳಗಿನ ಪ್ಲಾಸ್ಟಿಕ್ ಕರಗಿಸಬಲ್ಲದು.

ಆಮೇಲೆ ತೇವ ಹೀರುವ ಹರಳು, ಸಿಲಿಕಾ ಜೆಲ್. 50 ಗ್ರಾಂ ಸಾಕು. ಲ್ಯಾಂಪನ್ನು ತೂತು ತೆರೆದಂತೆಯೇ ಗಾಳಿಯಾಡದ ಚೀಲದಲ್ಲಿ ಇಟ್ಟು, ಪಕ್ಕದಲ್ಲಿ ಜೆಲ್ ಪೊಟ್ಟಣ ಇಟ್ಟು, ರಾತ್ರಿಯಿಡೀ ಬಿಡಿರಿ. ನೀಲಿ ಹರಳು ಗುಲಾಬಿ ಆಯಿತು ಅಂದರೆ ನೀರು ಕುಡಿದಿದೆ; ಅಡಿಗೆಮನೆಯಿಂದ ದೂರ, ಹಳೇ ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಒಂದೆರಡು ತಾಸು ಕಾಯಿಸಿದರೆ ಮತ್ತೆ ನೀಲಿ. ಜೆಲ್ ಪೊಟ್ಟಣವನ್ನು ಲ್ಯಾಂಪಿನೊಳಗೇ ಬಿಟ್ಟು ಮುಚ್ಚುವ ಜಾಣರೂ ಇದ್ದಾರೆ. ಬಲ್ಬ್ ಉರಿದಾಗ ಅದೇ ಜೆಲ್ ಕಾದು, ಕುಡಿದ ನೀರನ್ನೆಲ್ಲ ಮರಳಿ ಒಳಗೇ ಬಿಡುತ್ತದೆ. ಅಕ್ಕಿ ಹಾಕುವವರಿಗೆ ಏನು ಹೇಳೋದು? ರಿಫ್ಲೆಕ್ಟರಿಗೆ ಅಕ್ಕಿಹಿಟ್ಟಿನ ಧೂಳು.

ಒಣಗಿದ ಮೇಲೆ ಸೋರಿಕೆ ಹುಡುಕುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋದರೆ ಇಲ್ಲಿವರೆಗೆ ಮಾಡಿದ್ದು ದಂಡ. ಗಾಳಿಕಿಂಡಿಗೆ ಟ್ಯೂಬ್ ಕೂರಿಸುವ ಮೂತಿ ಇದ್ದರೆ ಬಲ್ಬ್ ಹಾಕಿ, ಮೂತಿಗೆ ಸಲೈನ್ ಪೈಪಿನ ತುಂಡು ಸಿಕ್ಕಿಸಿ. ಬೇರೆ ಕಿಂಡಿ ಇದ್ದರೆ ಟೇಪ್ ಹಚ್ಚಿ. ಮೂತಿ ಇಲ್ಲವೋ, ಬಲ್ಬಿನ ತೂತಿನ ಸುತ್ತ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಕಟ್ಟಿಕೊಂಡು, ಪೊರೆಯ ಬಿಲ್ಲೆಗೆ ಟೇಪ್ ಹಾಕಿ. ಗಾಜಿನ ಜೋಡಣೆಯ ಗುಂಟ, ಬಲ್ಬ್ ಹಾಕಿದ್ದರೆ ಅದರ ಬುಡಕ್ಕೂ, ಸಾಬೂನು ನೀರನ್ನು ಬ್ರಶ್ಶಿನಿಂದ ಬಳಿದು ಬಾಯಿಂದ ಮೆಲ್ಲಗೆ ಊದಿರಿ. ಸೋರುವ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲುಗಟ್ಟಿ ಏಳುತ್ತವೆ. ಅಲ್ಲಿ ಮಾರ್ಕರಿನಿಂದ ಗುರುತು ಹಾಕಿರಿ. ಕಂಪ್ರೆಸರ್ ಗಾಳಿ ಬಿಟ್ಟರೆ ಜೋಡಣೆಯೇ ಬಿಡುತ್ತದೆ.

ಗುಳ್ಳೆ ಬಂದದ್ದು ಬಲ್ಬಿನ ಬುಡದಲ್ಲಾದರೆ ಓ-ರಿಂಗ್ ಹುಡುಕಿ ಅಂಗಡಿ ಅಂಗಡಿ ತಿರುಗಬೇಡಿರಿ. ಈ ನಮೂನೆಯ ಬಲ್ಬುಗಳು ಹೊಸ ರಿಂಗ್ ಸಮೇತವೇ ಬರುತ್ತವೆ. ಅದೇ ನಂಬರಿನ ಒಳ್ಳೆಯ ಬಲ್ಬ್ ಹಾಕಿದರೆ ಎರಡೂ ಆಯಿತು. ರಿಂಗಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿರಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿ ಹಾಳಾಗುತ್ತವೆ.

ಜೋಡಣೆಯಲ್ಲಿ ಬಂದರೆ ಆಗ ಸಿಲಿಕಾನ್. ಅದರಲ್ಲೂ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇರೋದು. ಬಾತ್‌ರೂಮಿಗೆ ಹಾಕುವ ಅಗ್ಗದ ಸಿಲಿಕಾನ್ ಹಚ್ಚಿದಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಆ ಆವಿಯೇ ರಿಫ್ಲೆಕ್ಟರ್ ಮತ್ತು ಪಿನ್ನುಗಳನ್ನು ತಿನ್ನುತ್ತದೆ. ಫೆವಿಕ್ವಿಕ್ ಕೂಡ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂಡುತ್ತದೆ. ಅಂಟು ಹಚ್ಚುವ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ (ಥಿನ್ನರ್, ಪೆಟ್ರೋಲ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಲೆನ್ಸಿಗೆ ಸೂಕ್ಷ್ಮ ಬಿರುಕು ತರಿಸುತ್ತವೆ), ಗುರುತಿನ ಎರಡೂ ಬದಿಗೆ ಒಂದೊಂದು ಇಂಚು ಹೆಚ್ಚಿಗೆ, 3-4 ಮಿ.ಮೀ. ದಪ್ಪ ಎಳೆದು, 24 ತಾಸು ಮುಟ್ಟದೆ ಬಿಡಿರಿ. ಕಿಂಡಿಗೆ ಹಾಕಿದ ಟೇಪ್ ಮರೆಯದೆ ತೆಗೆಯಿರಿ. ಪೊರೆಯ ಬಿಲ್ಲೆಗೆ ಪಿನ್ ಚುಚ್ಚಬೇಡಿರಿ, ಎಣ್ಣೆ ಸ್ಪ್ರೇ ಹೊಡೆಯಬೇಡಿರಿ. ಎಣ್ಣೆ ಕುಡಿದ ಪೊರೆ ನೀರನ್ನು ತಡೆಯುವುದಿಲ್ಲ.

ತಳದಲ್ಲಿ 2-3 ಮಿ.ಮೀ. ತೂತು ಕೊರೆದು ನೀರು ತಾನೇ ಹೋಗಲಿ ಅನ್ನುವ ಮಿಸ್ತ್ರಿಗಳ ಜೊತೆ ನನ್ನ ಜಗಳ ಇದ್ದದ್ದೇ. ನೀರು ಹೋಗುತ್ತದೆ, ನಿಜ. ಆದರೆ ಫಾಗ್ ಲ್ಯಾಂಪ್ ಇರೋದು ರಸ್ತೆಯಿಂದ ಒಂದೂವರೆ ಎರಡಡಿ ಎತ್ತರದಲ್ಲಿ. ನಮ್ಮ ಧೂಳಿಗೆ ಒಂದು ಬೇಸಿಗೆ ಸಾಕು, ರಿಫ್ಲೆಕ್ಟರ್ ಮಂಕಾಗಲು. ಹಳೇ ಗಾಡಿ, ಲ್ಯಾಂಪ್ ಹೇಗೂ ಬದಲಿಸುವುದಿದೆ, ಈ ಮಳೆಗಾಲ ದಾಟಿದರೆ ಸಾಕು ಅನ್ನುವವರು ಬೇಕಾದರೆ ಮಾಡಿಸಿರಿ.

ಲೆನ್ಸ್ ಸೀಳಿದ್ದರೆ, ರಿಫ್ಲೆಕ್ಟರ್ ಲೇಪ ಎದ್ದಿದ್ದರೆ ರಿಪೇರಿಗೆ ಖರ್ಚು ಮಾಡಬೇಡಿರಿ, ಹೊಸದೇ ಹಾಕಿರಿ. ಡೂಪ್ಲಿಕೇಟ್ ಲ್ಯಾಂಪ್ ಕೊಳ್ಳುವವರು ಅಂಗಡಿಯಲ್ಲೇ ಹಿಂಭಾಗ ತಿರುಗಿಸಿ ಗಾಳಿಕಿಂಡಿ ಇದೆಯೋ ಇಲ್ಲವೋ ನೋಡಿಕೊಳ್ಳಿರಿ. ಇಲ್ಲದಿದ್ದರೆ ಅದು ಎಷ್ಟೇ ಅಗ್ಗವಿದ್ದರೂ ವಾಪಸ್ ಕೊಡಿರಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಹದಿನೈದು ನಿಮಿಷ, ವಾಷಿಂಗ್ ಆದ ದಿನವೂ ಅಷ್ಟೇ ಹೊತ್ತು, ಗಾಡಿ ಓಡುವಾಗಲೇ ಫಾಗ್ ಲ್ಯಾಂಪ್ ಹಚ್ಚಿರಿ. 55 ವ್ಯಾಟಿನ ಎರಡು ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ, ಇಂಜಿನ್ ಬಂದ್ ಮಾಡಿ ಹಚ್ಚಿಡಬೇಡಿರಿ.

ಲ್ಯಾಂಪ್ ಮರಳಿ ಕೂರಿಸಿದ ಮೇಲೆ ಗಾಡಿಯನ್ನು ಚಾಕ್‌ಪೀಸ್ ಗುರುತಿಗೇ ನಿಲ್ಲಿಸಿ, ಗೋಡೆಯ ಟೇಪಿಗೆ ಬೆಳಕಿನ ಅಂಚು ಹೊಂದುತ್ತದೋ ನೋಡಿರಿ. ಮೇಲಕ್ಕೆ ಹೋಗಿದ್ದರೆ ಲ್ಯಾಂಪಿನ ಅಡ್ಜಸ್ಟ್ ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸುತ್ತ ಟೇಪಿನ ಮಟ್ಟಕ್ಕೆ ಇಳಿಸಿರಿ. ಇಲ್ಲದಿದ್ದರೆ ಕಲಘಟಗಿ ರೋಡಿನಲ್ಲಿ ಎದುರು ಬರುವ ಲಾರಿಯವನು ಅಪ್ಪರ್ ಹೊಡೆಯುತ್ತಲೇ ಇರುತ್ತಾನೆ.