ಹೊಗೆಯೇ ಬಾರದ ಹೊಗೆಪೆಟ್ಟಿಗೆ

ಹೊಗೆ ಹಾಕುವುದಕ್ಕೆಂದೇ ಮಾಡಿದ ಯಂತ್ರ ಹೊಗೆಯನ್ನೇ ಕೊಡದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಮೀನು ಒಣಗದೆ ಹದವಾಗಿ ಬೇಯಲಿ ಎಂದು ಎಲೆಕ್ಟ್ರಿಕ್ ಸ್ಮೋಕರನ್ನು (ಕಟ್ಟಿಗೆಯ ಹೊಗೆಯಲ್ಲಿ ಮೀನು, ಮಾಂಸ ಬೇಯಿಸುವ ವಿದ್ಯುತ್ ಪೆಟ್ಟಿಗೆ) 80 ಡಿಗ್ರಿಗೆ ಇಟ್ಟರೆ, ಕಾಯಿಲ್ ಸ್ವಲ್ಪ ಹೊತ್ತು ಕಾದು ಟಕ್ಕೆಂದು ಆರಿಬಿಡುತ್ತದೆ. ಪೆಟ್ಟಿಗೆಯೊಳಗಿನ ಗಾಳಿ ಬಿಸಿಯಾದರೆ ಕಾವು ನೋಡಿಕೊಳ್ಳುವ ಥರ್ಮೋಸ್ಟಾಟ್‌ಗೆ ಸಾಕು. ಹೊಗೆಗೆಂದು ತಟ್ಟೆಯಲ್ಲಿಟ್ಟ ಮಾವಿನ ಮರದ ಚಕ್ಕೆಯ ಗತಿ ಅದಕ್ಕೆ ಬೇಕಿಲ್ಲ. ಕಟ್ಟಿಗೆ ಚೆನ್ನಾಗಿ ಹೊಗೆಯಾಡಲು 200 ಡಿಗ್ರಿಗೂ ಮೀರಿದ ಕಾವು ಬೇಕು. ಕಲಬುರಗಿಯ ಮೇ ತಿಂಗಳನ್ನಂತೂ ಕೇಳಲೇಬೇಡಿ. ಹೊರಗೇ 42 ಡಿಗ್ರಿ ಇರುವಾಗ ಕಾಯಿಲ್‌ಗೆ ಕೆಲಸ ಇನ್ನೂ ಕಡಿಮೆ. ಬಾಗಿಲು ತೆರೆದರೆ ಚಕ್ಕೆಯ ಅಂಚು ಮಾತ್ರ ಕಂದಿರುತ್ತದೆ, ನಡುಭಾಗ ಹಾಕಿದಾಗ ಇದ್ದಂತೆಯೇ ಇರುತ್ತದೆ. ಮೀನಿಗೆ ವಾಸನೆಯೂ ಹತ್ತಿರುವುದಿಲ್ಲ.

ಚಕ್ಕೆ ನೆನೆಸಿಡಿ ಎನ್ನುವವರ ಮೇಲೆ ಇನ್ನೂ ಸಿಟ್ಟು. ನೀರು ಆರುವವರೆಗೆ ಬರುವುದು ಆವಿ, ಹೊಗೆಯಲ್ಲ! ನಮ್ಮ ಅಡುಗೆಮನೆಯಲ್ಲಿ ಕೆಂಡದ ಮೇಲೆ ಒಂದು ಹನಿ ತುಪ್ಪ ಬಿಟ್ಟು ಮುಚ್ಚಿದರೆ ಪಾತ್ರೆ ತುಂಬ ಹೊಗೆ. ಇಷ್ಟು ದುಬಾರಿ ಪೆಟ್ಟಿಗೆಗೆ ಅದೂ ಆಗುವುದಿಲ್ಲ. ಜಾಲರಿ ತಟ್ಟೆಯಲ್ಲಿ ಒಣ ಮರದ ಹೊಟ್ಟು ತುಂಬಿ ಪ್ರತ್ಯೇಕವಾಗಿ ಹೊತ್ತಿಸಿ ಒಳಗಿಟ್ಟರೆ ಹೊಗೆ ಬರುತ್ತದೆ, ನಿಜ. ಆದರೆ ಆ ಜಾಲರಿ ತಟ್ಟೆಯನ್ನು ಬೇರೆ ದುಡ್ಡು ಕೊಟ್ಟು ನಾವೇಕೆ ಕೊಳ್ಳಬೇಕು? ಚಕ್ಕೆಯ ತಟ್ಟೆಗೆಂದೇ ಇನ್ನೊಂದು ಪುಟ್ಟ ಕಾಯಿಲ್ ಇಟ್ಟು ಮಾರಬಾರದೇ?